ಗುಂಡುಸೂಜಿ ಕಾರ್ಖಾನೆಯ ಮಾಲೀಕ

ನಮ್ಮ ಬೀದಿಯ ಮಕ್ಕಳಿಗೆ ಇವತ್ತು ರಜೆ. ಬೆಳಗಿನಿಂದ ಫುಟ್‌ಪಾತಿನ ಮೇಲೆ ಬಣ್ಣದ ಸೀಮೆಸುಣ್ಣ ಹಿಡಿದು ಕೂತಿದ್ದಾರೆ. ಖಾಲಿಯಾದ ಕಸದ ಡಬ್ಬಿಯನ್ನು ಒಳಗೆ ಎಳೆದುಕೊಂಡು ಬರಲು ಹೋದ ನಾನು ಅಲ್ಲೇ ನಿಂತುಬಿಟ್ಟೆ. ಸೀಮೆಸುಣ್ಣದ ಪುಡಿಯ ವಾಸನೆ. ಅದು ಮೂಗಿಗೆ ಬಿದ್ದರೆ ಬೇರೆಯವರಿಗೆ ಶಾಲೆ ನೆನಪಾಗುತ್ತದೆ, ಪ್ರೀತಿಯ ಮೇಷ್ಟ್ರು ನೆನಪಾಗುತ್ತಾರೆ. ನನಗೆ ನೆನಪಾಗುವುದು ಹೊಟ್ಟೆಕಿಚ್ಚು. ಬೇರೆ ಯಾರದ್ದೋ ಅಲ್ಲ, ನನ್ನದೇ. ಅಮೆರಿಕದ ಸ್ಯಾನ್ ಡಿಯೇಗೊ ನಗರದ ಇದೇ ಸ್ಕ್ರಿಪ್ಸ್ ರ್ಯಾಂಚಿನ ಬೀದಿಯಲ್ಲಿ ನೀರೆರೆದು ಬೆಳೆಸಿದ್ದು.

ನೀವೂ ಹೊಟ್ಟೆಕಿಚ್ಚು ಪಟ್ಟವರೇ ಇರುತ್ತೀರಿ, ಸಂಕೋಚ ಬೇಡ. ಪಕ್ಕದ ಮನೆಯವರ ಹೊಸ ಕಾರು, ಓರಗಿತ್ತಿಯ ಸೀರೆ, ಗೆಳತಿಯ ಮಗಳಿಗೆ ಸಿಕ್ಕ ಕಾಲೇಜು, ಇವಕ್ಕೆಲ್ಲ ಹೊಟ್ಟೆ ಉರಿಯುವುದು ಮರ್ಯಾದಸ್ಥರ ಲಕ್ಷಣ. ನನ್ನದು ಹೇಳಿಕೊಳ್ಳಲಾಗದ ಬಗೆಯದು. ಇನ್ನೂರು ವರ್ಷಕ್ಕೂ ಹಿಂದೆ ತೀರಿಕೊಂಡ, ಮದುವೆಯನ್ನೇ ಆಗದ, ಸ್ಕಾಟ್ಲೆಂಡಿನ ಒಬ್ಬ ಗಂಡಸಿನ ವಿಷಯದಲ್ಲಿ ನಾನು ಸವತಿಯ ಹಾಗೆ ಕುದಿದೆ. ಅವನ ಹೆಸರು ಹೇಳುವುದಿಲ್ಲ. ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದ್ದರೆ ‘ಅರ್ಥಶಾಸ್ತ್ರದ ಪಿತಾಮಹ’ ಎಂದ ತಕ್ಷಣ ನಿಮಗೇ ಗೊತ್ತಾಗುತ್ತದೆ. ಓದಿಲ್ಲದಿದ್ದರೆ ಇಷ್ಟು ಸಾಕು: ನಾವು ಬಂಡವಾಳಶಾಹಿ ಎಂದು ಬೈಯುವ, ಬೈಯುತ್ತಲೇ ಬಾಗಿಲಿಗೆ ಪಾರ್ಸೆಲ್ ತರಿಸಿಕೊಳ್ಳುವ ಈ ಇಡೀ ವ್ಯವಸ್ಥೆ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅದನ್ನು ಕೂತು ನೋಡಿ ವಿವರಿಸಿದವನು ಅವನು.

ಅವನು ನನ್ನವನಾಗಿದ್ದ. ರಾಣೆಬೆನ್ನೂರಿನ ಒಂದು ಪಿಯು ಕಾಲೇಜಿನಲ್ಲಿ ಹದಿನೆಂಟು ವರ್ಷ ನಾನು ಅರ್ಥಶಾಸ್ತ್ರದ ಉಪನ್ಯಾಸಕಿ. ಯಜಮಾನರು ಬೆಂಗಳೂರಿನ ಟೆಲಿಕಾಂ ಕಂಪನಿಯಲ್ಲಿದ್ದರು, ನಮ್ಮದು ಶನಿವಾರ ಭಾನುವಾರದ ಸಂಸಾರ. ಉಳಿದ ಐದು ದಿನ ನಾನು, ಮಗಳು ಮತ್ತು ನನ್ನ ನೋಟ್ಸು. ನಾನು ಪಾಠ ಮಾಡುತ್ತಿರಲಿಲ್ಲ, ನೋಟ್ಸ್ ಬರೆಸುತ್ತಿದ್ದೆ. ಈ ಎರಡರ ವ್ಯತ್ಯಾಸವನ್ನು ನಮ್ಮ ಕಡೆಯ ಕಾಲೇಜಿನಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡದಲ್ಲಿ ಎಂ.ಎ. ಮಾಡುವಾಗ ನಮ್ಮ ಮೇಷ್ಟ್ರು ನನಗೆ ಬರೆಸಿದ್ದನ್ನು ನಾನು ಮಕ್ಕಳಿಗೆ ಬರೆಸಿದೆ. ಮೇಷ್ಟ್ರಿಗೆ ಅವರ ಮೇಷ್ಟ್ರು ಬರೆಸಿದ್ದರು. ಗಂಗೆ ಹರಿದು ಬಂದ ಹಾಗೆ ಬಂದದ್ದು, ಮೂಲ ಕೇಳುವ ಹಾಗಿಲ್ಲ.

ಆ ನೋಟ್ಸಿನಲ್ಲಿ ಶ್ರಮವಿಭಜನೆಯ ಮೇಲೆ ಆರು ಅಂಕದ ಉತ್ತರವೊಂದಿತ್ತು. ಒಂದು ಗುಂಡುಸೂಜಿಯನ್ನು ಒಬ್ಬನೇ ಮಾಡಹೊರಟರೆ ಇಡೀ ದಿನಕ್ಕೆ ಒಂದಾದರೆ ಹೆಚ್ಚು. ಒಬ್ಬ ತಂತಿ ಎಳೆದು, ಒಬ್ಬ ನೇರ ಮಾಡಿ, ಒಬ್ಬ ಕತ್ತರಿಸಿ, ಒಬ್ಬ ಮೊನೆ ಮಾಡಿ, ಇನ್ನೊಬ್ಬ ತಲೆ ಕೂರಿಸಿದರೆ ಸಾವಿರಗಟ್ಟಲೆ ಆಗುತ್ತವೆ. ಕೊನೆಯ ವಾಕ್ಯ ಹೀಗಿತ್ತು: “ಸ್ವತಃ ಗುಂಡುಸೂಜಿ ಕಾರ್ಖಾನೆಯ ಮಾಲೀಕರಾಗಿದ್ದ ಇವರಿಗೆ ಈ ತತ್ವವು ಅನುಭವದಿಂದಲೇ ಹೊಳೆಯಿತು.” ಎಂಥ ಗತ್ತಿನ ವಾಕ್ಯ ನೋಡಿ. ಅಲ್ಲಿಗೆ ಬರುವಾಗ ನನ್ನ ಧ್ವನಿ ತಾನಾಗಿ ಏರುತ್ತಿತ್ತು, ಕೊನೆಯ ಬೆಂಚಿನವರೂ ತಲೆಯೆತ್ತುತ್ತಿದ್ದರು.

ಆ ಮಹಾನುಭಾವ ಬರೆದ ಪುಸ್ತಕವನ್ನು ಮಾತ್ರ ನಾನು ಓದಿರಲಿಲ್ಲ. ಮುಟ್ಟಿಯೂ ಇರಲಿಲ್ಲ. ಅಲ್ಲಿದ್ದಾಗ ಯಾರೂ ಕೇಳಲಿಲ್ಲ, ಆದ್ದರಿಂದ ತೊಂದರೆಯೂ ಆಗಲಿಲ್ಲ. ಯಜಮಾನರ ಕೆಲಸದ ಹಿಂದೆ ಸ್ಯಾನ್ ಡಿಯೇಗೊಗೆ ಬಂದ ಮೇಲೆ ಅದು ತೊಂದರೆಯಾಯಿತು. ಇಲ್ಲಿ ನನ್ನ ವೀಸಾದ ಮೇಲೆ ಕೆಲಸ ಮಾಡುವಂತಿಲ್ಲ. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದೆ, ಎರಡನೆಯ ಸಲ ಪಾರ್ಕಿಂಗ್ ಲಾಟಿನಿಂದ ಹೊರಗೆ ಬರುವ ಮೊದಲೇ. ಆದರೂ ಯಾರ ಮನೆಗೆ ಹೋದರೂ “ಇವ್ರು ಎಕನಾಮಿಕ್ಸ್ ಲೆಕ್ಚರರ್ ಆಗಿದ್ರು” ಎಂದು ಪರಿಚಯ ಮಾಡಿಕೊಡುತ್ತಿದ್ದರು. ಬೇರೆ ಹೆಂಗಸರೆಲ್ಲ ಆಂಟಿಯರಾದರೆ ನಾನೊಬ್ಬಳು ‘ಮೇಡಂ’. ಪುಸ್ತಕ ಓದಿಲ್ಲವೆಂಬುದು ಒಂದು ಸಲ ಹೊರಬಿದ್ದರೆ ಆ ‘ಮೇಡಂ’ ಕೂಡ ಹೋಗಿ ನಾನು ಬರೀ ಆಂಟಿಯಾಗಿಬಿಡುತ್ತೇನೆ ಎಂಬ ಹೆದರಿಕೆ ನನಗೆ ಸದಾ ಇತ್ತು.

ಆಗ ಎದ್ದು ನಿಂತಳು ವಸುಧಾ. ನಮ್ಮ ಮನೆಯಿಂದ ಮೂರನೆಯ ಮನೆ, ಜಯನಗರದ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು. ಕಾರ್ಲ್ಸ್‌ಬಾಡಿನ ಒಂದು ಬಯೋಟೆಕ್ ಕಂಪನಿಯ ಲ್ಯಾಬಿನಲ್ಲಿ ಕೆಲಸ. 2020ರಲ್ಲಿ ಎಲ್ಲರೂ ಮನೆಯೊಳಗೆ ಸಿಕ್ಕಿಬಿದ್ದಾಗ ಬೇರೆಯವರು ಬ್ರೆಡ್ ಮಾಡುವುದನ್ನು ಕಲಿತರು. ಇವಳು ಪಿತಾಮಹನ ದಪ್ಪ ಪುಸ್ತಕವನ್ನು ಹಿಡಿದಳು. ಸುಮ್ಮನೆ ಓದಿಕೊಂಡಿದ್ದರೆ ಆಗುತ್ತಿತ್ತು. ಗುರುವಾರ ಸಂಜೆ ಝೂಮಿನಲ್ಲಿ ನಮ್ಮವರನ್ನೆಲ್ಲ ಕೂರಿಸಿಕೊಂಡು ಕನ್ನಡದಲ್ಲಿ ಹೇಳತೊಡಗಿದಳು. ಹಿಂದೆ ಗೋಡೆಗೆ ಒಂದು ಪುಟ್ಟ ಕರಿಹಲಗೆ ತೂಗುಹಾಕಿ, ನಿಜವಾದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಹದಿನೆಂಟು ವರ್ಷ ಸೀಮೆಸುಣ್ಣ ಹಿಡಿದ ಕೈ ಇಲ್ಲಿ ಪಾತ್ರೆ ತಿಕ್ಕುತ್ತಿದ್ದರೆ, ಒಂದು ದಿನವೂ ಹಿಡಿಯದ ಕೈ ಅಲ್ಲಿ ಪರದೆಯ ಮೇಲೆ. ಅವಳು ಕೈ ತಟ್ಟಿಕೊಂಡಾಗ ಏಳುತ್ತಿದ್ದ ಪುಡಿಯ ವಾಸನೆ ನನಗೆ ಮೂರು ಮನೆ ಆಚೆಗೂ ಬರುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ಕೆಟ್ಟದಾಗಿ ಹೇಳಿದ್ದರೆ ನಾನು ಅವಳ ಆಪ್ತ ಗೆಳತಿಯಾಗಿಬಿಡುತ್ತಿದ್ದೆ. ಚೆನ್ನಾಗಿ ಹೇಳುತ್ತಿದ್ದಳು. ಒಂದು ಗುರುವಾರ ತೊಗರಿಬೇಳೆಯ ಪೊಟ್ಟಣವನ್ನು ಕ್ಯಾಮೆರಾದ ಮುಂದೆ ಹಿಡಿದು, “ಇದು ನನ್ನ ಕುಕ್ಕರಿಗೆ ಬರೋಕೆ ಎಷ್ಟು ಜನ ಬೇಕಾಯ್ತು ಹೇಳಿ ನೋಡೋಣ” ಎಂದಳು. ಮಕ್ಕಳು ಕೂಗತೊಡಗಿದವು. ಬೆಳೆದವನು, ಒಡೆದವನು, ಚೀಲ ಹೊಲಿದವಳು, ಹಡಗಿನವನು, ಬಂದರಿನಲ್ಲಿ ಇಳಿಸಿದವನು, ಲಾರಿ ಓಡಿಸಿದವನು. “ಇವ್ರಲ್ಲಿ ಯಾರಿಗೂ ನನ್ನ ಹೆಸ್ರು ಗೊತ್ತಿಲ್ಲ, ನಾನು ಸಾರು ಮಾಡ್ಲಿ ಅಂತ ಯಾರೂ ಆಸೆಪಟ್ಟಿಲ್ಲ. ಆದ್ರೂ ಸಾರಾಯ್ತು. ಆ ಮನುಷ್ಯ ಬೆರಗಾಗಿದ್ದು ಇದಕ್ಕೆ” ಎಂದಳು. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು, ನಾನೇ ಹೆತ್ತವಳು, ನನ್ನ ಕಡೆ ತಿರುಗಿ, “ಅಮ್ಮಾ, ವೈ ಡಿಡಂಟ್ ಯು ಎವರ್ ಟೆಲ್ ಮಿ ದಿಸ್?” ಎಂದಳು. ನಾನು ವಿಡಿಯೋ ಆಫ್ ಮಾಡಿದೆ.

ಅಲ್ಲಿಂದ ಮುಂದೆ ಪ್ರತಿ ಗುರುವಾರ ವಿಡಿಯೋ ಆಫ್ ಮಾಡಿಯೇ ಕೂತೆ. ಕೈಯಲ್ಲಿ ಪೆನ್ಸಿಲ್ಲು, ಅವಳ ತಪ್ಪುಗಳ ಪಟ್ಟಿ ಮಾಡಲು. ಪಟ್ಟಿ ಬೆಳೆಯಲಿಲ್ಲ. ಮುಗಿದ ಮೇಲೆ ಎಲ್ಲರೂ ಹೊಗಳುವಾಗ ನಾನು ಮೈಕ್ ಆನ್ ಮಾಡಿ, “ಚೆನ್ನಾಗಿತ್ತು ವಸುಧಾ, ಬೇಸಿಕ್ಸ್ ಒಂದ್ಸ್ವಲ್ಪ ಬಿಟ್ಟುಹೋಯ್ತು” ಎನ್ನುತ್ತಿದ್ದೆ. ಅವಳು “ಹೌದಾ ಮೇಡಂ? ಯಾವ್ದು ಹೇಳಿ, ಬರ್ಕೋತೀನಿ” ಎಂದು ನಿಜವಾಗಿಯೂ ಪೆನ್ನು ಎತ್ತಿಕೊಳ್ಳುತ್ತಿದ್ದಳು. ಆಗ ನನ್ನ ಇಂಟರ್ನೆಟ್ ಕೈಕೊಡುತ್ತಿತ್ತು. ಯಜಮಾನರ ಹತ್ತಿರ, “ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಎಂ.ಎ. ಮಾಡಿದೋಳು ಇಲ್ಲೇ ಇದೀನಿ, ಯಾರೂ ಕರೆಯಲ್ಲ” ಎಂದು ಗೊಣಗುತ್ತಿದ್ದೆ. ಪಾಪ, ಅವರು ಟೆಲಿಕಾಂನವರು, ಕೇಳಿಸಿಕೊಳ್ಳುವುದೇ ಅವರ ಕಸುಬು.

ಇಲ್ಲಿ ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟೆ, ಹೇಳಿಬಿಡುತ್ತೇನೆ. ಯಾರೂ ಕರೆಯಲಿಲ್ಲ ಎಂಬುದು ಸುಳ್ಳು. ಮೊದಲ ಗುರುವಾರಕ್ಕೂ ಮುಂಚೆ ವಸುಧಾ ಮಾಸ್ಕ್ ಹಾಕಿಕೊಂಡು ನಮ್ಮ ಡ್ರೈವ್‌ವೇಯಲ್ಲಿ ಆರಡಿ ದೂರ ನಿಂತು, “ಮೇಡಂ, ಇದನ್ನ ನೀವೇ ನಡೆಸಿಕೊಡಿ. ನನಗೆ ಓದೋಕೆ ಇಷ್ಟ, ಹೇಳೋಕೆ ನಿಮ್ಮಂಥೋರೇ ಬೇಕು” ಎಂದು ಕೇಳಿದ್ದಳು. ಪುಸ್ತಕ ಬಿಡಿಸಿದ ಮೊದಲ ದಿನವೇ ನನ್ನ ಬಂಡವಾಳ ಬಯಲಾಗುತ್ತದಲ್ಲ. ಪುರುಸೊತ್ತಿಲ್ಲ ಎಂದೆ. ಇಡೀ ಜಗತ್ತಿಗೆ ಪುರುಸೊತ್ತಿದ್ದ ವರ್ಷ ಅದು. ಅವಳು ಬೇಸರ ಮಾಡಿಕೊಳ್ಳದೆ ಹೋದಳು. ನಾನೇ ಬಿಟ್ಟುಕೊಟ್ಟದ್ದನ್ನು ಅವಳು ಕಿತ್ತುಕೊಂಡಳೆಂದು ಎರಡು ವರ್ಷ ಉರಿದುಕೊಂಡೆ. ಹೊಟ್ಟೆಕಿಚ್ಚಿಗೆ ನ್ಯಾಯ ಬೇಕಾಗಿಲ್ಲ, ಒಂದಿಷ್ಟು ಒಣಪುಳ್ಳೆ ಇದ್ದರೆ ಸಾಕು.

2022ರ ಆರಂಭದಲ್ಲಿ ಉತ್ತರಕ್ಕೆ ಒಂದೂವರೆ ಗಂಟೆ ದೂರದ ಪೊಮೊನಾ ಊರಿನಿಂದ ಅವಳಿಗೆ ಕರೆ ಬಂತು. ಅಲ್ಲಿನ ಕ್ಯಾಂಪಸ್ಸಿನಲ್ಲಿ ಓದುವ ಕನ್ನಡದ ಹುಡುಗರು ಹುಡುಗಿಯರು ಸೇರಿಕೊಂಡು ತಿಂಗಳಿಗೊಂದು ಉಪನ್ಯಾಸ ಇಟ್ಟುಕೊಂಡಿದ್ದರು. ಈ ಸಲ ಬಂಡವಾಳಶಾಹಿ ಹುಟ್ಟಿದ ಬಗೆಯ ಮೇಲೆ ವಸುಧಾ ಮಾತಾಡಬೇಕು. “ಮೇಡಂ, ನೀವು ಜೊತೆಗೆ ಬಂದ್ರೆ ನನಗೆ ಧೈರ್ಯ” ಎಂದಳು. ಧೈರ್ಯ ತುಂಬಲು ಅಲ್ಲ, ಅವಳು ಎಲ್ಲಾದರೂ ಎಡವಿದರೆ ಕಣ್ಣಾರೆ ನೋಡಲು ಹೊರಟೆ. ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಕಾರಿನಲ್ಲಿ ಕೂತೆ.

ಹದಿನೈದನೇ ನಂಬರಿನ ಫ್ರೀವೇ ಹಿಡಿದು ಹೋದರೆ ಗುಡ್ಡಗಳು ಮುಗಿದ ಮೇಲೆ ಕರೋನಾ ಎಂಬ ಊರು ಸಿಗುತ್ತದೆ. ಪಾಪ, ಊರಿಗೆ ಆ ಹೆಸರು ಮೊದಲಿಂದಲೂ ಇತ್ತು. ಅದರಿಂದಾಚೆ ಕಿಟಕಿಯಿಲ್ಲದ ಬಿಳಿ ಗೋದಾಮುಗಳ ಸಾಲು. ವಸುಧಾ ಅವನ್ನು ತೋರಿಸುತ್ತ, ಪಿತಾಮಹ ವ್ಯಾಪಾರಿಗಳನ್ನು ಹೊಗಳಿದನೆಂದು ಎಲ್ಲರೂ ಅಂದುಕೊಂಡಿದ್ದಾರೆ, ಆದರೆ ಅವರನ್ನು ಅವನಷ್ಟು ಅನುಮಾನದಿಂದ ನೋಡಿದವರು ಕಡಿಮೆ ಎಂದಳು. ಅದಕ್ಕೂ ಮೊದಲು ಬರೆದ ಇನ್ನೊಂದು ಪುಸ್ತಕದಲ್ಲಿ ಅವನು ಮನುಷ್ಯರ ಮನಸ್ಸಿನ ವಿಷಯ ಹೇಳಿದ್ದಾನಂತೆ. ಗೆಳೆಯರ ಸಣ್ಣಪುಟ್ಟ ಸಂತೋಷಕ್ಕೆ ನಾವು ಸಂತೋಷಪಡುತ್ತೇವೆ, ಒಮ್ಮೆಲೇ ದೊಡ್ಡದೇನಾದರೂ ಸಿಕ್ಕಿಬಿಟ್ಟರೆ ಹೊಟ್ಟೆಕಿಚ್ಚು ಅಡ್ಡ ಬರುತ್ತದೆ ಎಂದು. “ಎಷ್ಟು ಚೆನ್ನಾಗಿ ಗೊತ್ತಿತ್ತಲ್ವಾ ಮೇಡಂ ಅವ್ನಿಗೆ?” ಎಂದು ನನ್ನ ಕಡೆ ತಿರುಗಿದಳು. ನಾನು ಚಿತ್ರಾನ್ನದ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದೆ.

ಕೋಣೆಯಲ್ಲಿ ನಲವತ್ತು ಜನರಿದ್ದರು, ಎಲ್ಲರಿಗೂ ಮಾಸ್ಕು. ನಾನು ಮೂರನೆಯ ಸಾಲಿನಲ್ಲಿ ಕೂತೆ. ವಸುಧಾ ಗುಂಡುಸೂಜಿಯ ಕಥೆಯಿಂದಲೇ ಶುರು ಮಾಡಿದಳು, ಇದು ನನ್ನ ಏರಿಯಾ ಎಂದು ನಾನು ನೆಟ್ಟಗಾದೆ. ಆದರೆ ಅವಳು ಅಲ್ಲಿಗೇ ನಿಲ್ಲಲಿಲ್ಲ. ಕೆಲಸ ಹಂಚಿಕೊಂಡರೆ ಸಂಪತ್ತು ಬೆಳೆಯುತ್ತದೆ ಎಂದ ಮನುಷ್ಯನೇ ಅದೇ ಪುಸ್ತಕದ ಕೊನೆಯ ಭಾಗದಲ್ಲಿ ಇನ್ನೊಂದು ಮಾತು ಹೇಳಿದ್ದಾನೆ ಎಂದಳು. ಬದುಕಿಡೀ ಒಂದೇ ಸಣ್ಣ ಕೆಲಸವನ್ನು ತಿರುಗಿ ತಿರುಗಿ ಮಾಡುವವನು ತಲೆ ಓಡಿಸುವುದನ್ನೇ ಮರೆತು ಮಂಕಾಗಿಬಿಡುತ್ತಾನೆ. ಹದಿನೆಂಟು ವರ್ಷ, ಪ್ರತಿ ಜುಲೈಯಲ್ಲೂ ಒಂದೇ ನೋಟ್‌ಬುಕ್ಕು, ಅದೇ ಜಾಗದಲ್ಲಿ ಏರುವ ಧ್ವನಿ. ಆ ಮಾತು ನನಗೇ ಹೇಳಿದ ಹಾಗಿತ್ತು. ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಪ್ರಶ್ನೆಗಳ ಹೊತ್ತಿಗೆ ಹಿಂದಿನಿಂದ ಒಬ್ಬ ಎದ್ದ. “ನನ್ನ ಹೆಸರು ಬಸವರಾಜ ರೀ. ರಾಣೆಬೆನ್ನೂರಾಗ ಪಿಯುಸಿ ಮಾಡೇನಿ” ಎಂದ. “ನೀವು ಆ ಪಿತಾಮಹರು ಕಾಲೇಜಿನಾಗ ಮಾಸ್ತರ ಇದ್ರು ಅಂದ್ರಿ. ಆದ್ರ ನಮ್ಮ ಮೇಡಂ ಬೇರೇನ ಬರೆಸಿದ್ರು ರೀ” ಎಂದವನು ಕಣ್ಣು ಮುಚ್ಚಿ, ಒಂದು ಅಕ್ಷರ ತಪ್ಪದೆ, ನಾನು ಎಲ್ಲಿ ಏರಿಸುತ್ತಿದ್ದೆನೋ ಅಲ್ಲೇ ಧ್ವನಿ ಏರಿಸಿ ಹೇಳಿದ: “ಸ್ವತಃ ಗುಂಡುಸೂಜಿ ಕಾರ್ಖಾನೆಯ ಮಾಲೀಕರಾಗಿದ್ದ ಇವರಿಗೆ ಈ ತತ್ವವು ಅನುಭವದಿಂದಲೇ ಹೊಳೆಯಿತು.”

ಯಾರೋ “ಯಾವ ಮೇಡಂ ಗುರೂ ಅದು!” ಎಂದರು. ಕೋಣೆ ಗೊಳ್ಳೆಂದು ನಕ್ಕಿತು. ಬಸವರಾಜನ ಕಿವಿ ಕೆಂಪಾಯಿತು. “ನಗಬ್ಯಾಡ್ರಿ. ಅವರು ಭಾಳ ಛಲೋ ಕಲಸ್ತಿದ್ರು” ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಮಾಸ್ಕ್ ಮುಟ್ಟಿ ನೋಡಿಕೊಂಡೆ. ಮೂಗಿನ ಮೇಲೆ ಭದ್ರವಾಗಿತ್ತು. ಅದನ್ನು ಒಂದಿಷ್ಟು ಕೆಳಗೆಳೆದು, “ನಾನೇ ಬರೆಸಿದ್ದು, ತಪ್ಪು ನನ್ನದು” ಎಂದಿದ್ದರೆ ಆ ಹುಡುಗನ ಮಾನ ಉಳಿಯುತ್ತಿತ್ತು. ನಲವತ್ತು ಜನರ ಮುಂದೆ ಅವನೊಬ್ಬನೇ ನಿಂತಿದ್ದ, ಅದೂ ನನ್ನ ಪರವಾಗಿ. ನಾನು ಕೂತೇ ಇದ್ದೆ.

ವಸುಧಾ ನಗಲಿಲ್ಲ. “ಕಾರ್ಖಾನೆ ಇರ್ಲಿಲ್ಲ ಬಸವರಾಜ್. ನೋಡಿದ್ದನ್ನ ಬರೆದ್ರು ಅಷ್ಟೆ. ಆದ್ರೆ ನಿಮ್ಮ ಮೇಡಂ ಹೇಳಿದ್ದು ನಿಮಗೆ ಇಷ್ಟು ವರ್ಷ ಆದ್ಮೇಲೂ ಬಾಯಲ್ಲಿದೆಯಲ್ಲ, ನಾನಿವತ್ತು ಹೇಳಿದ್ದು ಇಲ್ಲಿರೋ ಯಾರಿಗಾದ್ರೂ ನಾಳೆ ನೆನಪಿದ್ರೆ ನನ್ನ ಪುಣ್ಯ” ಎಂದಳು. ಈಗ ಎಲ್ಲರೂ ಬೇರೆ ರೀತಿಯಲ್ಲಿ ನಕ್ಕರು, ಬಸವರಾಜನೂ ನಕ್ಕು ಕೂತ. ಬರುವಾಗ ಕಾರಿನಲ್ಲಿ ಅವಳು ಆ ವಿಷಯ ಎತ್ತಲಿಲ್ಲ. ನಾನು ರಾಣೆಬೆನ್ನೂರಿನವಳೆಂದು ಅವಳಿಗೆ ಗೊತ್ತಿತ್ತು. ಓದಿನಲ್ಲಿ ನನಗಿಂತ ಮುಂದಿದ್ದಳು, ಇರಲಿ. ಒಳ್ಳೆಯತನದಲ್ಲೂ ಮುಂದೆ ಎಂದ ಮೇಲೆ ನಾನು ಯಾವ ಮುಖ ಇಟ್ಟುಕೊಂಡು ಹೊಟ್ಟೆಕಿಚ್ಚು ಪಡಬೇಕು ಹೇಳಿ? ಪಟ್ಟೆ, ಆದರೂ ಪಟ್ಟೆ. ಮುಂದಿನ ಗುರುವಾರದಿಂದ ಹೋಗುವುದನ್ನೇ ಬಿಟ್ಟೆ. ಬೀದಿಯಲ್ಲಿ ಕಂಡರೆ ಫೋನು ಬಂದವಳಂತೆ ಕಿವಿಗೆ ಹಿಡಿದೆ.

ವರ್ಷಗಳು ಕಳೆದಿವೆ. ಇವತ್ತು ಕಸದ ಡಬ್ಬಿ ಹಿಡಿದು ನಿಂತಿದ್ದೆ ಎಂದೆನಲ್ಲ. ಮಕ್ಕಳು ಬರೆಯುತ್ತಿದ್ದುದನ್ನು ನೋಡಿದೆ. ದೊಡ್ಡ ಹುಡುಗಿಯೊಬ್ಬಳು ಬರೆದ ಡೈನೋಸಾರಿಗೆ ಐದು ಕಾಲು. ಅವಳ ಸುತ್ತ ಕೂತ ಮೂರು ಚಿಕ್ಕ ಮಕ್ಕಳು ನಾಲಿಗೆ ಹೊರಗೆ ಹಾಕಿಕೊಂಡು, ಬಹಳ ಶ್ರದ್ಧೆಯಿಂದ, ತಮ್ಮ ತಮ್ಮ ಡೈನೋಸಾರಿಗೂ ಐದೈದು ಕಾಲು ಹಚ್ಚುತ್ತಿದ್ದವು. ನೋಡಿ ನಗು ಬರಬೇಕಿತ್ತು. ನನಗೆ ಬಸವರಾಜನ ಕೆಂಪು ಕಿವಿ ನೆನಪಾಯಿತು. ಡಬ್ಬಿಯನ್ನು ಅಲ್ಲೇ ಬಿಟ್ಟು ಮೂರನೆಯ ಮನೆಯ ಬೆಲ್ ಒತ್ತಿದೆ.

ವಸುಧಾ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ “ಏನಾಯ್ತು ಮೇಡಂ? ಎಲ್ರೂ ಹುಷಾರಾಗಿದಾರಾ?” ಎಂದಳು. ನಾನು ಚಪ್ಪಲಿ ಬಿಡುವ ಮೊದಲೇ, “ಪೊಮೊನಾದಲ್ಲಿ ಆ ಹುಡುಗ ಹೇಳಿದ್ನಲ್ಲ, ಆ ಮೇಡಂ ನಾನೇ” ಎಂದೆ.

“ಗೊತ್ತು. ಅವನು ಹೇಳ್ತಿದ್ದಾಗ ನಿಮ್ಮ ಮಾಸ್ಕೂ ಜೊತೆಜೊತೆಗೇ ಅಲ್ಲಾಡ್ತಿತ್ತು.”

ಎಂಥ ಅವಸ್ಥೆ ನೋಡಿ, ಅವನ ಜೊತೆ ನಾನೂ ಒಪ್ಪಿಸುತ್ತಿದ್ದೆನಂತೆ. “ಮತ್ಯಾಕೆ ಸುಮ್ನಿದ್ದೆ?” ಎಂದೆ.

ಅವಳು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು. “ನಿಜ ಹೇಳ್ಲಾ? ಹೊಟ್ಟೆಕಿಚ್ಚಾಯ್ತು. ಎರಡು ವರ್ಷ ಸರಿಯಾಗೇ ಹೇಳಿದೀನಿ, ನನ್ನದೊಂದು ಮಾತು ಯಾರಿಗೂ ಬಾಯಿಗೆ ಬರಲ್ಲ. ಅವನು ನಿಮ್ಮ ತಪ್ಪಿಗೋಸ್ಕರ ಅಷ್ಟು ಜನರ ಹತ್ರ ಜಗಳಕ್ಕೆ ನಿಂತ.”

ನನ್ನ ಬಗ್ಗೆ ಒಬ್ಬರು ಹೊಟ್ಟೆಕಿಚ್ಚು ಪಟ್ಟಿದ್ದಾರೆ! ಸುಳ್ಳೇಕೆ ಹೇಳಲಿ, ಆ ಸುಖ ಬಿಸಿ ಕಾಫಿಯ ಹಾಗೆ ಒಳಗಿಳಿಯಿತು. ಒಂದು ಗುಟುಕು, ಅಷ್ಟೆ. ಅವಳಿಗೆ ಹೊಟ್ಟೆಕಿಚ್ಚಾದದ್ದು ಆ ಹುಡುಗ ನನ್ನ ಮೇಲಿಟ್ಟ ನಂಬಿಕೆಗೆ. ಆ ನಂಬಿಕೆಯನ್ನು ನಾನು ಮಾಸ್ಕಿನೊಳಗೆ ಕೂತು ನಗೆಗೀಡು ಮಾಡಿಸಿದ್ದೆ.

“ಅವನ ನಂಬರ್ ಇದೆಯಾ?” ಎಂದೆ.

“ಇದೆ. ಈಗ ಇಲ್ಲೇ ಕೆಲಸ, ಪುಸ್ತಕ ಬೇಕಾದಾಗ ಬರ್ತಾನೆ.” ಅವಳೇ ಒತ್ತಿ ಸ್ಪೀಕರಿಗೆ ಹಾಕಿದಳು.

ನಾನು ನನ್ನ ಹೆಸರು ಹೇಳಿದ ಕೂಡಲೇ ಆ ಕಡೆಯಿಂದ ಕುರ್ಚಿ ಸರಿದ ಸದ್ದು ಕೇಳಿತು. ಎದ್ದು ನಿಂತಿದ್ದನೆಂದು ಕಾಣುತ್ತದೆ. “ಮೇಡಂ! ನೀವು ಇಲ್ಲೇ ಅದೀರಿ? ಯಾವಾಗ ಬಂದ್ರಿ?” ಪೊಮೊನಾದಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದವಳು ನಾನೇ ಎಂದೆ. ಎಲ್ಲರೂ ನಕ್ಕಾಗ ಸುಮ್ಮನಿದ್ದೆ ಎಂದೆ. ಕಾರ್ಖಾನೆ ಗೀರ್ಖಾನೆ ಏನೂ ಇರಲಿಲ್ಲ, ನಾನು ಬರೆಸಿದ್ದು ತಪ್ಪು ಎಂದೆ. ಅವನು, “ಇರ್ಲಿ ಬಿಡ್ರಿ ಮೇಡಂ. ಹಂಗಾದ್ರ ಖರೇ ಏನದ, ಅದನ್ನ ಈಗ ನೀವ ಹೇಳ್ರಿ. ಬರ್ಕೋತೀನಿ” ಎಂದ.

ವಸುಧಾ ನನ್ನನ್ನೇ ನೋಡುತ್ತಿದ್ದಳು. ಅವಳಿಂದ ಕೇಳಿದ್ದೇ ನನಗೆ ಒಂದು ಗಂಟೆಯ ಪಾಠಕ್ಕೆ ಸಾಕಾಗುವಷ್ಟಿತ್ತು. ಹೇಳಿದ್ದರೆ ಅವಳು ಅಡ್ಡ ಬರುತ್ತಲೂ ಇರಲಿಲ್ಲ.

“ಆ ಪುಸ್ತಕ ನಾನು ಓದಿಲ್ಲಪ್ಪ” ಎಂದೆ. “ಆವಾಗ್ಲೂ ಓದಿರ್ಲಿಲ್ಲ, ಈಗ್ಲೂ ಓದಿಲ್ಲ. ಓದಿರೋರು ಇಲ್ಲೇ ಕೂತಿದಾರೆ, ಅವ್ರು ಹೇಳ್ತಾರೆ.”

ಫೋನನ್ನು ವಸುಧಾಳ ಕಡೆಗೆ ಸರಿಸಿದೆ. ಅವಳು ಕಪಾಟಿನಿಂದ ಪುಸ್ತಕ ತೆಗೆದು, ಮೊದಲಿನಿಂದ ಶುರು ಮಾಡಿದಳು. ಎಂದಿನಂತೆ ಚೆನ್ನಾಗಿಯೇ ಹೇಳುತ್ತಿದ್ದಳು. ಹೊಟ್ಟೆ ಉರಿಯಿತು. ಎದ್ದು ಹೋಗಲಿಲ್ಲ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.